ಹಳದಿ ರೂಪಾಯಿ, ವಾಲಿದ ಸಿಂಹ, ಕಚ್ಚಿದ ಅಂಚು: ಟಂಕಸಾಲೆಯ ತಪ್ಪು ಯಾವುದು, ಹೊರಗೆ ಕೆಟ್ಟದ್ದು ಯಾವುದು?

ಕಿರಾಣಿ ಅಂಗಡಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಸೂಪರ್ ಮಾರ್ಕೆಟ್ ಹತ್ತಿರ ನಮ್ಮದು ಕಿರಾಣಿ ಅಂಗಡಿ. ಗಲ್ಲಾಪೆಟ್ಟಿಗೆಗೆ ಬರುವ ಚಿಲ್ಲರೆಯಲ್ಲಿ ವಿಚಿತ್ರವಾಗಿ ಕಂಡದ್ದನ್ನು ಬೇರೆ ಡಬ್ಬಿಗೆ ಹಾಕಿಡುವ ರೂಢಿ ನಮ್ಮ ತಂದೆಯವರ ಕಾಲದಿಂದ ಇದೆ. ಈಗ ಮೂರು ನಾಣ್ಯಗಳ ಬಗ್ಗೆ ಬಲ್ಲವರನ್ನು ಕೇಳಬೇಕಾಗಿದೆ.

ಮೊದಲನೆಯದು ಒಂದು ರೂಪಾಯಿ. ಎಲ್ಲಾ ಒಂದು ರೂಪಾಯಿಗಳಂತೆ ಬಿಳಿಯಾಗಿಲ್ಲ, ಐದು ರೂಪಾಯಿಯಂತೆ ಹಳದಿಯಾಗಿದೆ. ಎರಡನೆಯದು ಹತ್ತು ರೂಪಾಯಿ. ನಡುವಿನ ಬಿಳಿ ಭಾಗದಲ್ಲಿರುವ ಸಿಂಹ ಎಡಕ್ಕೆ ವಾಲಿಕೊಂಡಿದೆ. ಮೂರನೆಯದು ಎರಡು ರೂಪಾಯಿ. ಅಂಚಿನಲ್ಲಿ ಯಾರೋ ಕಚ್ಚಿದ ಹಾಗೆ ಕಮಾನಿನಾಕಾರದ ಒಂದು ತುಂಡು ಇಲ್ಲ.

ನನ್ನ ಸೋದರಳಿಯ ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿ, ಹಳದಿ ರೂಪಾಯಿಗೆ ಎರಡು ಲಕ್ಷ ಬರುತ್ತದೆ ಎಂದು ಹಟ ಹಿಡಿದಿದ್ದಾನೆ. ನನಗೆ ಹಣಕ್ಕಿಂತ ನಿಜ ಏನು ಎಂದು ತಿಳಿಯುವ ಆಸೆ.

ಅಚ್ಚು ಮತ್ತು ಬಿಲ್ಲೆ, ಕಲಬುರಗಿ

ಅಣ್ಣಾ, ಒಳ್ಳೆಯ ಪ್ರಶ್ನೆ. ವಿಚಿತ್ರ ನಾಣ್ಯ ಕೈಗೆ ಬಂದಾಗ ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ: ಟಂಕಸಾಲೆಯ ಯಾವ ಹಂತದಲ್ಲಿ ಹೀಗಾಗಲು ಸಾಧ್ಯವಿತ್ತು? ಉತ್ತರ ಸಿಕ್ಕರೆ ಮುಂದಿನ ಪರೀಕ್ಷೆ. ಸಿಗದಿದ್ದರೆ ಆ ನಾಣ್ಯ ಟಂಕಸಾಲೆಯಿಂದ ಸರಿಯಾಗಿಯೇ ಹೊರಬಂದು ಆಮೇಲೆ ಯಾರದೋ ಕೈಯಲ್ಲಿ ಹಾಳಾಗಿದೆ.

ಅದಕ್ಕಾಗಿ ನಾಣ್ಯ ಹುಟ್ಟುವ ದಾರಿ ಗೊತ್ತಿರಬೇಕು. ಲೋಹದ ಉದ್ದನೆಯ ತಗಡಿನಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಅವುಗಳನ್ನು ಕಾಯಿಸಿ ಮೆದುಗೊಳಿಸಿ, ತೊಳೆದು, ಅಂಚನ್ನು ಒತ್ತಿ ಸ್ವಲ್ಪ ಎಬ್ಬಿಸುತ್ತಾರೆ. ಬಳಿಕ ಬಿಲ್ಲೆ ಪ್ರೆಸ್ಸಿಗೆ ಬರುತ್ತದೆ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ಸುತ್ತ ಕಾಲರ್ ಎಂಬ ಉಕ್ಕಿನ ಬಳೆ. ಒಂದೇ ಏಟಿಗೆ ಎರಡೂ ಮುಖಗಳು ಮೂಡುತ್ತವೆ. ಲೋಹ ಹೊರಕ್ಕೆ ಹರಿಯದಂತೆ ಕಾಲರ್ ಹಿಡಿದಿಡುತ್ತದೆ. ಬಿಲ್ಲೆಯ ತಪ್ಪು, ಅಚ್ಚಿನ ತಪ್ಪು, ಏಟಿನ ತಪ್ಪು: ಈ ಮೂರರಲ್ಲಿ ಒಂದಕ್ಕೆ ಸೇರದ ಎರರ್ ನಾಣ್ಯ, ಅಂದರೆ ಟಂಕಸಾಲೆಯಲ್ಲೇ ತಪ್ಪಾಗಿ ಬಂದ ನಾಣ್ಯ, ಇಲ್ಲ.

ನಿಮ್ಮ ಮೂರಕ್ಕೂ ತೂಕ ಬೇಕು. ಪರಿಚಯದ ಪತ್ತಾರರ ಅಂಗಡಿಯಲ್ಲಿ ಗ್ರಾಮಿನ ನೂರನೇ ಭಾಗ ತೋರಿಸುವ ತಕ್ಕಡಿ ಇರುತ್ತದೆ, ತೂಗಿಸಿ. ಒಂದು ಅಯಸ್ಕಾಂತವನ್ನೂ ಹಿಡಿದು ನೋಡಿ. ಎರಡು ರೂಪಾಯಿಯಲ್ಲಿ ಕಚ್ಚಿದ ಜಾಗಕ್ಕೆ ಸರಿಯಾಗಿ ಎದುರಿನ ಅಂಚು ಹೇಗಿದೆ ಎಂದು ಭೂತಗನ್ನಡಿಯಲ್ಲಿ ನೋಡಿ ತಿಳಿಸಿ. ದಯವಿಟ್ಟು ಯಾವುದನ್ನೂ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ತಿಕ್ಕಿದ ನಾಣ್ಯದಿಂದ ಸಾಕ್ಷ್ಯವೆಲ್ಲಾ ತೊಳೆದುಹೋಗುತ್ತದೆ.

ಕಿರಾಣಿ ಅಂಗಡಿ, ಕಲಬುರಗಿ

ತೂಗಿಸಿಕೊಂಡು ಬಂದೆ ಸರ್. ಹಳದಿ ಒಂದು ರೂಪಾಯಿ 3.81 ಗ್ರಾಂ, ಅಯಸ್ಕಾಂತಕ್ಕೆ ಟಕ್ಕೆಂದು ಅಂಟುತ್ತದೆ. ಹತ್ತು ರೂಪಾಯಿ 7.70. ಕಚ್ಚಿದ ಎರಡು ರೂಪಾಯಿ 4.52, ಅದೂ ಅಂಟುತ್ತದೆ. ಇದರ ಎದುರಿನ ಅಂಚು ಬೇರೆ ಕಡೆಗಿಂತ ತೆಳುವಾಗಿ, ಮಸುಕಾಗಿ ಕಾಣುತ್ತದೆ. ಸವೆದಿರಬೇಕು ಎಂದುಕೊಂಡೆ. ಆದರೆ ಉಳಿದ ಅಂಚೆಲ್ಲಾ ಚೆನ್ನಾಗಿಯೇ ಇದೆ.

ಅಚ್ಚು ಮತ್ತು ಬಿಲ್ಲೆ, ಕಲಬುರಗಿ

ಕೊನೆಯದರಿಂದ ಶುರು ಮಾಡುತ್ತೇನೆ, ಏಕೆಂದರೆ ಅದು ನಿಜವಾದ ಎರರ್ ನಾಣ್ಯ. ಅಭಿನಂದನೆಗಳು.

ತಗಡು ಪ್ರತಿ ಏಟಿಗೂ ಮುಂದಕ್ಕೆ ಸರಿಯಬೇಕು. ಸಾಕಷ್ಟು ಸರಿಯದಿದ್ದರೆ, ಬಿಲ್ಲೆ ಕತ್ತರಿಸುವ ಪಂಚು ಹಿಂದಿನ ಬಿಲ್ಲೆ ಹೋದ ತೂತಿನ ಮೇಲೆಯೇ ಸ್ವಲ್ಪ ಬೀಳುತ್ತದೆ. ಆಗ ಹೊಸ ಬಿಲ್ಲೆಗೆ ಕಮಾನಿನಾಕಾರದ ಕಚ್ಚು. ಈ ಬಿಲ್ಲೆ ಅಂಚು ಎಬ್ಬಿಸುವ ಯಂತ್ರದೊಳಗೆ ಉರುಳುವಾಗ ಎರಡು ಬದಿಯಿಂದ ಒತ್ತಡ ಬೀಳಬೇಕು. ಕಚ್ಚಿದ ಕಡೆ ಲೋಹವೇ ಇಲ್ಲದ್ದರಿಂದ ಅದಕ್ಕೆ ಎದುರಿನ ಬದಿಗೂ ಒತ್ತಡ ಸಿಗುವುದಿಲ್ಲ. ಹಾಗಾಗಿ ಸರಿಯಾಗಿ ಎದುರಲ್ಲೇ ಅಂಚು ಮಸುಕು. ಇದನ್ನು ಬ್ಲೇಕ್ಸ್ಲಿ ಪರಿಣಾಮ ಎನ್ನುತ್ತಾರೆ. ಅರದಿಂದ ಉಜ್ಜಿ ಕಚ್ಚು ಮಾಡಿದವರಿಗೆ ಈ ಎದುರಿನ ಮಸುಕನ್ನು ಮೂಡಿಸಲು ಬರುವುದಿಲ್ಲ.

ಇನ್ನೊಂದು ಗುರುತನ್ನೂ ನೋಡಿ. ಕಚ್ಚಿನ ಪಕ್ಕದಲ್ಲಿರುವ ಅಕ್ಷರಗಳು ಕಚ್ಚಿನ ಕಡೆಗೆ ಎಳೆದಂತೆ, ತೆಳುವಾಗುತ್ತಾ ಹೋಗಿರುತ್ತವೆ. ಏಟು ಬಿದ್ದಾಗ ಲೋಹ ಖಾಲಿ ಜಾಗದತ್ತ ಹರಿಯುವುದರಿಂದ ಹಾಗಾಗುತ್ತದೆ. ಹೊರಗೆ ಕತ್ತರಿಸಿದ ನಾಣ್ಯದಲ್ಲಿ ಅಕ್ಷರ ಚಾಕು ಹಾಕಿದಂತೆ ಥಟ್ಟನೆ ನಿಂತುಹೋಗುತ್ತದೆ, ಕತ್ತರಿಸಿದ ಮೈಯಲ್ಲಿ ಅರದ ಗೀರುಗಳಿರುತ್ತವೆ. 2011ರಲ್ಲಿ ಬಂದ ಸರಣಿಯ ಎರಡು ರೂಪಾಯಿಯ ತೂಕ 4.85 ಗ್ರಾಂ. ನಿಮ್ಮದರಲ್ಲಿ ಕಡಿಮೆ ಇರುವುದು ಆ ಕಚ್ಚಿನ ಲೋಹವೇ.

ಹತ್ತು ರೂಪಾಯಿ ಹೊರಗೆ ಕೆಟ್ಟದ್ದು. ಈ ನಾಣ್ಯದಲ್ಲಿ ಹೊರಬಳೆ ಬೇರೆ, ನಡುವಿನ ಬಿಲ್ಲೆ ಬೇರೆ. ಎರಡನ್ನೂ ಜೋಡಿಸಿ ಪ್ರೆಸ್ಸಿಗೆ ಇಡುತ್ತಾರೆ. ಅಚ್ಚಿನ ಏಟೇ ಎರಡನ್ನೂ ಒಂದಕ್ಕೊಂದು ಬಿಗಿಯುತ್ತದೆ, ಅದೇ ಏಟಿಗೆ ಚಿತ್ರವೂ ಮೂಡುತ್ತದೆ. ಅಂದರೆ ಸಿಂಹ ಮತ್ತು ಹೊರಬಳೆಯ ಮೇಲಿನ ಬರಹ ಒಂದೇ ಅಚ್ಚಿನಲ್ಲಿವೆ. ಅಚ್ಚು ತಿರುಗಿದ್ದರೆ ಇಡೀ ಮುಖ ಒಟ್ಟಾಗಿ ತಿರುಗಬೇಕು. ಬರಹ ನೆಟ್ಟಗಿದ್ದು ಸಿಂಹ ಮಾತ್ರ ವಾಲಿದೆ ಎಂದರೆ ನಡುವಿನ ಬಿಲ್ಲೆಯನ್ನು ಆಮೇಲೆ ಯಾರೋ ಹೊಡೆದು ಕಳಚಿ ಮತ್ತೆ ಕೂಡಿಸಿದ್ದಾರೆ. ಸಂದಿಯನ್ನು ಭೂತಗನ್ನಡಿಯಲ್ಲಿ ನೋಡಿ, ಗೀರು ಅಥವಾ ಜಜ್ಜಿದ ಗುರುತು ಸಿಗುತ್ತದೆ. ನಡುಬಿಲ್ಲೆ ಪಕ್ಕಕ್ಕೆ ಸರಿದ ನಿಜವಾದ ಎರರ್ ಹತ್ತು ರೂಪಾಯಿಗಳೂ ಇವೆ. ಅವುಗಳಲ್ಲಿ ಬಿಲ್ಲೆ ಎಲ್ಲೇ ಇರಲಿ, ಚಿತ್ರ ಸಂದಿಯನ್ನು ದಾಟಿ ಎರಡೂ ಲೋಹಗಳ ಮೇಲೆ ಮುರಿಯದೆ ಸಾಗಿರುತ್ತದೆ.

ಹಳದಿ ರೂಪಾಯಿಗೆ ಬಂಗಾರದ ನೀರು ಕುಡಿಸಿದ್ದಾರೆ. 2011ರ ಸರಣಿಯ ಒಂದು ರೂಪಾಯಿ ಸ್ಟೇನ್‌ಲೆಸ್ ಸ್ಟೀಲ್, 3.79 ಗ್ರಾಂ, ಅಯಸ್ಕಾಂತಕ್ಕೆ ಅಂಟುತ್ತದೆ. ನಿಮ್ಮದೂ ಹಾಗೇ ಇದೆ, ಬಣ್ಣ ಮಾತ್ರ ಬೇರೆ.

ಸುರಪುರದ ಓದುಗ

ಸರ್, ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ? ಐದು ರೂಪಾಯಿಯ ಹಿತ್ತಾಳೆ ಬಿಲ್ಲೆ ಒಂದು ರೂಪಾಯಿಯ ಪ್ರೆಸ್ಸಿಗೆ ಬಿದ್ದಿರಬಹುದಲ್ಲವೇ? ಟಂಕಸಾಲೆಯಲ್ಲಿ ಎರಡೂ ನಾಣ್ಯ ಮಾಡುತ್ತಾರೆ. ಇಂಥ ನಾಣ್ಯವನ್ನು ಲಕ್ಷಕ್ಕೆ ಕೊಳ್ಳುವವರಿದ್ದಾರೆ ಎಂದು ನಾನೂ ನೋಡಿದ್ದೇನೆ.

ಅಚ್ಚು ಮತ್ತು ಬಿಲ್ಲೆ, ಕಲಬುರಗಿ

ಬೇರೆ ಬಿಲ್ಲೆಯ ಮೇಲೆ ಟಂಕಿಸಿದ ನಾಣ್ಯಗಳು ನಿಜಕ್ಕೂ ಇವೆ. ಆದರೆ ಅಳತೆ ನೋಡಿ. ಅದೇ 2011ರ ಸರಣಿಯ ಹಳದಿ ಐದು ರೂಪಾಯಿ ನಿಕ್ಕಲ್ ಹಿತ್ತಾಳೆ, 23 ಮಿಲಿಮೀಟರ್, 6 ಗ್ರಾಂ, ಅಯಸ್ಕಾಂತಕ್ಕೆ ಅಂಟುವುದಿಲ್ಲ. ಒಂದು ರೂಪಾಯಿ ಸುಮಾರು 22 ಮಿಲಿಮೀಟರ್. ಚಿಕ್ಕ ಕಾಲರಿನೊಳಗೆ ದೊಡ್ಡ ಬಿಲ್ಲೆ ಸರಿಯಾಗಿ ಕೂರುವುದಿಲ್ಲ. ಹೇಗೋ ಏಟು ಬಿದ್ದರೂ ಅಂಚು ವಿಕಾರವಾಗುತ್ತದೆ, ತೂಕವಂತೂ 6 ಗ್ರಾಂ ಇದ್ದೇ ಇರುತ್ತದೆ. ಇಲ್ಲಿ ತೂಕ 3.81, ಅಂಚು ನೇರ, ಅಯಸ್ಕಾಂತಕ್ಕೂ ಅಂಟುತ್ತಿದೆ. ಮೂರೂ ಸಾಕ್ಷಿಗಳು ಸ್ಟೀಲ್ ಎನ್ನುತ್ತಿರುವಾಗ ಬಣ್ಣವೊಂದರ ಮಾತು ಕೇಳಲಾಗದು.

ನೀವು ಹೇಳಿದ್ದು ಆಗಬಹುದಾದ ಜಾಗ ಬೇರೆ ಇದೆ. ಆ ಸರಣಿಯ ಎರಡು ರೂಪಾಯಿಯ ಕಾಲರ್ 25 ಮಿಲಿಮೀಟರಿನದು. ಅದರೊಳಕ್ಕೆ ಐದು ರೂಪಾಯಿಯ ಬಿಲ್ಲೆ ಸಲೀಸಾಗಿ ಇಳಿಯುತ್ತದೆ. ಹಾಗೆ ಟಂಕಿಸಿದ ಎರಡು ರೂಪಾಯಿ ಹಳದಿಯಾಗಿ, 6 ಗ್ರಾಂ ತೂಗುತ್ತಾ, ಅಯಸ್ಕಾಂತಕ್ಕೆ ಅಂಟದೆ, ಅಂಚಿನ ಹತ್ತಿರದ ಚಿತ್ರ ಅರ್ಧಂಬರ್ಧ ಮೂಡಿ ಇರಬೇಕು. ಅಂಥದ್ದು ಸಿಕ್ಕರೆ ದಯವಿಟ್ಟು ಇಲ್ಲಿ ಹಾಕಿ, ನೋಡಲು ನಾನು ಕಾತರನಾಗಿದ್ದೇನೆ.

ಲಕ್ಷದ ಮಾತು: ಹಳೆಯ ನೋಟು, ನಾಣ್ಯ ಕೊಳ್ಳುವ ನೆಪದಲ್ಲಿ ರಿಸರ್ವ್ ಬ್ಯಾಂಕಿನ ಹೆಸರು, ಲಾಂಛನ ಬಳಸಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರ ಬಗ್ಗೆ 2021ರ ಆಗಸ್ಟ್ 4ರಂದು ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಟ್ಟಿದೆ. ಬ್ಯಾಂಕು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅದಕ್ಕೆ ಅಧಿಕಾರ ಕೊಟ್ಟಿಲ್ಲ. ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದು ಯಾರಾದರೂ ಹೇಳಿದ ಕೂಡಲೇ ಫೋನ್ ಇಟ್ಟುಬಿಡಿ. ವೈಷ್ಣೋದೇವಿ ಚಿತ್ರವಿರುವ 2012ರ ಐದು, ಹತ್ತು ರೂಪಾಯಿಗಳ ಮೇಲೆ ಇದೇ ಆಸೆ ಹುಟ್ಟಿಸಿದರು. ಅವು ಎಲ್ಲರ ಕೈಗೂ ಬಂದ ಸ್ಮರಣಾರ್ಥ ನಾಣ್ಯಗಳು, ಅವುಗಳಲ್ಲಿ ಯಾವ ತಪ್ಪೂ ಇಲ್ಲ.

ಬಿದರಿ ಕೆಲಸ, ಬೀದರ್

ಲೇಪದ ವಿಷಯ ಬಂದದ್ದರಿಂದ ನಾನೂ ಎರಡು ಮಾತು ಸೇರಿಸುತ್ತೇನೆ. ನಮ್ಮ ಮನೆಯಲ್ಲಿ ಬಿದರಿ ಕೆಲಸ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಮೈ ನುಣುಪು ಮಾಡಿದ ಮೇಲೆ ಮೈಲುತುತ್ತದ ನೀರು ಸವರುತ್ತೇವೆ. ಮೈ ಕ್ಷಣದಲ್ಲಿ ಕಪ್ಪಾಗುತ್ತದೆ, ಅದರ ಮೇಲೆ ಉಳಿಯಿಂದ ಕೊರೆದ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಈ ಕಪ್ಪು ತಾತ್ಕಾಲಿಕ. ಬೆಳ್ಳಿ ತಂತಿ ಕೂಡಿಸಿ ಮುಗಿದ ಮೇಲೆ ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕೊಡುವ ಕಪ್ಪೇ ಬೇರೆ, ಅದು ಉಳಿಯುವಂಥದ್ದು. ಹೀಗಾಗಿ ಯಾವ ಬಣ್ಣ ಮೈಮೇಲೆ ಕೂತಿದೆ, ಯಾವುದು ಲೋಹದ್ದೇ ಎಂಬುದನ್ನು ನೋಡಿ ನೋಡಿ ನಮ್ಮ ಕಣ್ಣು ಪಳಗಿದೆ.

ಅದೇ ಮೈಲುತುತ್ತದ ನೀರಿಗೆ ಸಾದಾ ಕಬ್ಬಿಣದ ಮೊಳೆ ಹಾಕಿ ನೋಡಿ, ಕೆಂಪಾಗಿ ತಾಮ್ರ ಹತ್ತುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೆ ಅಷ್ಟು ಸುಲಭವಾಗಿ ಹತ್ತುವುದಿಲ್ಲ, ಅದರಲ್ಲಿರುವ ಕ್ರೋಮಿಯಂ ಬಿಡುವುದಿಲ್ಲ. ಅದಕ್ಕೇ ಬ್ಯಾಟರಿ ಹಚ್ಚಿ ಲೇಪ ಕೊಡುತ್ತಾರೆ. ತಳಕ್ಕೆ ಸರಿಯಾದ ಪದರ ಕೊಡದೆ ಮಾಡಿದ ಲೇಪ ಗಟ್ಟಿ ನಿಲ್ಲದು. ದಿನವೂ ಕೈ ತಾಗುವ ಜಾಗದಲ್ಲಿ, ಅಂದರೆ ಅಂಚಿನ ಮೇಲೆ, ಅಂಕಿಯ ಎತ್ತರದ ಭಾಗದಲ್ಲಿ, ಸಿಂಹದ ಮೂತಿಯ ಮೇಲೆ ಮೊದಲು ಸವೆಯುತ್ತದೆ. ತಗ್ಗಿನಲ್ಲಿ ಹಳದಿ, ಎತ್ತರದಲ್ಲಿ ಬಿಳಿ ಕಂಡರೆ ಅದು ಲೇಪವೇ. ದಪ್ಪಗೆ ಲೇಪ ಕೂತ ನಾಣ್ಯದಲ್ಲಿ ಅಕ್ಷರದ ಮೂಲೆಗಳು ಮೊಂಡಾಗಿರುತ್ತವೆ, ಕೆಲವೆಡೆ ಸಣ್ಣ ಗುಳ್ಳೆಗಳೂ ಇರುತ್ತವೆ.

ಇನ್ನೊಂದು ವಿಷಯ: ಲೋಹ ಬೆಂಕಿ ಕಂಡಿದ್ದರೂ ಬಣ್ಣ ಬದಲಾಗುತ್ತದೆ. ಸ್ಟೀಲ್ ಕಾದರೆ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ನೀಲಿ. ಹೋಮದ ಬೂದಿಯಲ್ಲಿ, ಕಸದ ಬೆಂಕಿಯಲ್ಲಿ ಸಿಕ್ಕ ನಾಣ್ಯಗಳು ಹೀಗೆ ಬರುತ್ತವೆ. ಅವಕ್ಕೂ ಲೇಪಕ್ಕೂ ಸಂಬಂಧವಿಲ್ಲ, ಎರರ್ ಅಂತೂ ಅಲ್ಲ.

ಕಿರಾಣಿ ಅಂಗಡಿ, ಕಲಬುರಗಿ

ಬೀದರಿನ ಅಣ್ಣನವರು ಹೇಳಿದಂತೆಯೇ ಇದೆ. 1 ಅಂಕಿಯ ಮೈಮೇಲೆ ಸಣ್ಣಗೆ ಬಿಳಿ ಇಣುಕುತ್ತಿದೆ, ಸೋದರಳಿಯನಿಗೂ ತೋರಿಸಿದೆ. ಶರಣಬಸವೇಶ್ವರ ಜಾತ್ರೆಯಲ್ಲಿ ಬಂಗಾರ ಬಣ್ಣದ ನಾಣ್ಯಗಳನ್ನು ಮಾರುವುದನ್ನು ಅವನೇ ನೋಡಿದ್ದನಂತೆ. ಮನೆಯ ದೇವರ ಜಗುಲಿಯ ಮೇಲೆ ಇಡಲು ಜನ ಕೊಳ್ಳುತ್ತಾರೆ, ಅಲ್ಲಿಂದ ಚಿಲ್ಲರೆಗೆ ಸೇರಿರಬೇಕು.

ಬಸ್ ಕಂಡಕ್ಟರ್, ಯಾದಗಿರಿ

ನಮ್ಮ ಚೀಲಕ್ಕೆ ಬರದ ನಾಣ್ಯವಿಲ್ಲ. ರೈಲು ಹಳಿಯ ಮೇಲೆ ಹುಡುಗರು ಇಟ್ಟು ಚಪ್ಪಟೆ ಮಾಡಿದ್ದು, ತೂತು ಹೊಡೆದು ಕೊರಳಿಗೆ ಕಟ್ಟಿದ್ದು, ಹೊಲದ ಮಣ್ಣಿನಲ್ಲಿ ಕಪ್ಪಾದದ್ದು. ಅವುಗಳನ್ನು ಗುರುತಿಸುವುದು ಕಷ್ಟವಲ್ಲ. ನನ್ನ ದೊಡ್ಡ ತಲೆನೋವು ಸರಿಯಾದ ನಾಣ್ಯವನ್ನು ನಕಲಿ ಎನ್ನುವ ಜನರದ್ದು. ಹತ್ತು ರೂಪಾಯಿಯಲ್ಲಿ ಹತ್ತು ಗೆರೆ ಇದ್ದರೆ ಮಾತ್ರ ಅಸಲಿ, ಹದಿನೈದು ಗೆರೆ ಇದ್ದರೆ ನಕಲಿ ಎನ್ನುತ್ತಾರೆ. ರೂಪಾಯಿ ಚಿಹ್ನೆ ಇಲ್ಲದ್ದನ್ನು ತೆಗೆದುಕೊಳ್ಳುವುದೇ ಇಲ್ಲ. ದಪ್ಪ ಐದು ರೂಪಾಯಿ ನೋಡಿದವರು ತೆಳುವಾದದ್ದನ್ನು ಉಜ್ಜಿದ್ದಾರೆ ಎನ್ನುತ್ತಾರೆ. ಇದಕ್ಕೆ ಏನು ಹೇಳಬೇಕು?

ಅಚ್ಚು ಮತ್ತು ಬಿಲ್ಲೆ, ಕಲಬುರಗಿ

ಹತ್ತು ರೂಪಾಯಿಯ 14 ವಿನ್ಯಾಸಗಳೂ ಚಲಾವಣೆಗೆ ಅರ್ಹ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಸ್ಪಷ್ಟಪಡಿಸಿದೆ. ರೂಪಾಯಿ ಚಿಹ್ನೆ ನಾಣ್ಯಕ್ಕೆ ಬಂದದ್ದು 2011ರಲ್ಲಿ. ಅದಕ್ಕಿಂತ ಹಿಂದಿನ ನಾಣ್ಯದಲ್ಲಿ ಅದು ಇರುವುದಾದರೂ ಹೇಗೆ? ಪ್ರಯಾಣಿಕರಿಗೆ ಇಷ್ಟು ಹೇಳಿದರೆ ಸಾಕು.

ದಪ್ಪ ಐದು ರೂಪಾಯಿ 1992ರಿಂದ ಬಂದ ತಾಮ್ರ-ನಿಕ್ಕಲ್ ನಾಣ್ಯ, 9 ಗ್ರಾಂ, ಅಂಚಿನ ಸುತ್ತ ಗೀರಿದ ಸಾಲು ಇರುತ್ತದೆ. 2007ರಲ್ಲಿ 6 ಗ್ರಾಮಿನ ಸ್ಟೀಲ್ ಬಂತು, 2009ರಲ್ಲಿ 6 ಗ್ರಾಮಿನ ಹಳದಿ. ಸರ್ಕಾರವೇ ಲೋಹ ಬದಲಿಸಿತು. ಹಾಗೆಯೇ ವರ್ಷದ ಕೆಳಗಿನ ಗುರುತುಗಳನ್ನೂ ಕೆಲವರು ತಪ್ಪೆಂದು ತಿಳಿಯುತ್ತಾರೆ. ವಜ್ರಾಕೃತಿ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ರಷ್ಯನ್ ಅಕ್ಷರಗಳ ಗುರುತಿರುವ ಐದು ರೂಪಾಯಿ ಮಾಸ್ಕೋದಲ್ಲಿ ಟಂಕಿಸಿ ತರಿಸಿದ್ದು. ನಮ್ಮ ಭಾಗದಲ್ಲಿ ನಕ್ಷತ್ರದ ನಾಣ್ಯ ಹೆಚ್ಚು ಸಿಗುವುದು ಹೈದರಾಬಾದ್ ಹತ್ತಿರವಿರುವುದರಿಂದ ಇರಬೇಕು ಎಂದು ನನ್ನ ಊಹೆ. ನಿಜಾಮರ ಕಾಲದಲ್ಲಿ ಸೈಫಾಬಾದಿನಲ್ಲಿದ್ದ ಆ ಟಂಕಸಾಲೆ 1997ರಲ್ಲಿ ಚೆರ್ಲಪಲ್ಲಿಗೆ ಹೋಯಿತು.

ಲೇತ್ ಕೆಲಸ, ಶಹಾಬಾದ್

ಎರಡೂ ಕಡೆ ಸಿಂಹ ಇರುವ ನಾಣ್ಯ ಒಬ್ಬರು ನನಗೆ ತೋರಿಸಿದರು. ನೋಡಿದ ತಕ್ಷಣ ಕೈಗೆ ಗೊತ್ತಾಯಿತು, ಅದು ನಮ್ಮ ಯಂತ್ರದ ಕೆಲಸ. ಒಂದು ನಾಣ್ಯದ ಹೊಟ್ಟೆಯನ್ನು ಬಟ್ಟಲಿನಂತೆ ಕೊರೆದು, ಇನ್ನೊಂದನ್ನು ತೆಳುವಾಗಿ ಇಳಿಸಿ ಅದರೊಳಗೆ ಕೂಡಿಸುತ್ತಾರೆ. ಜೋಡಿಸಿದ ಗೆರೆ ಹೊರಗಿನ ಅಂಚಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಮುಖದ ಮೇಲೆ ಎತ್ತರಿಸಿದ ಅಂಚು ಮುಗಿದು ಬಯಲು ಶುರುವಾಗುವ ಮೂಲೆಯಲ್ಲಿ ಅಡಗಿರುತ್ತದೆ. ಸೂಜಿಯ ಮೊನೆ ಹಿಡಿದು ಆ ಮೂಲೆಯ ಸುತ್ತ ಹಗುರವಾಗಿ ಎಳೆದರೆ ಸಂದಿಯಲ್ಲಿ ತಡೆಯುತ್ತದೆ. ಕಲ್ಲಿನ ಮೇಲೆ ಬೀಳಿಸಿದರೆ ನಾಣ್ಯದ ನಾದವಿಲ್ಲ, ಬರೀ ಸದ್ದು.

ಸರಿಯಾದ ನಾಣ್ಯವನ್ನು ಕೊರೆದು ಹಾಳು ಮಾಡುವುದು ನನಗೆ ಒಪ್ಪಿಗೆಯಾಗುವುದಿಲ್ಲ. ನಾಣ್ಯ ಕರಗಿಸುವುದು, ನಾಶ ಮಾಡುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ, ಏಳು ವರ್ಷದವರೆಗೆ ಜೈಲು ಇದೆ. ಹೀಗೆ ಮಾಡಿಕೊಡಿ ಎಂದು ಕೇಳಿ ಬಂದವರನ್ನು ವಾಪಸು ಕಳುಹಿಸಿದ್ದೇನೆ.

ಇತಿಹಾಸ ಎಂ.ಎ., ಹುಮನಾಬಾದ್

ಸರ್, ನನ್ನದು ಹಳೆಯ ಕಾಲದ ಪ್ರಶ್ನೆ. ಅಜ್ಜನ ಪೆಟ್ಟಿಗೆಯಲ್ಲಿ ದಪ್ಪನೆಯ ತಾಮ್ರದ ನಾಣ್ಯಗಳಿವೆ, ಬಹಮನಿಯವು ಎಂದು ನಮ್ಮ ಪ್ರಾಧ್ಯಾಪಕರು ಹೇಳಿದರು. ಎಲ್ಲದರಲ್ಲೂ ಬರಹ ಅರ್ಧ ಕತ್ತರಿಸಿದೆ, ಒಂದರಲ್ಲೂ ಪೂರ್ತಿ ಸಾಲು ಇಲ್ಲ. ಇವೆಲ್ಲಾ ಎರರ್ ನಾಣ್ಯಗಳೇ? ಜೊತೆಗೆ ಒಂದು ಚಾರ್ಮಿನಾರ್ ರೂಪಾಯಿಯೂ ಇದೆ.

ಅಚ್ಚು ಮತ್ತು ಬಿಲ್ಲೆ, ಕಲಬುರಗಿ

ತಂಗೀ, ಆ ಪೆಟ್ಟಿಗೆ ಜೋಪಾನ. ಬಹಮನಿಯವರು ಮೊದಲು ನಮ್ಮ ಕಲಬುರಗಿಯಿಂದ, ಆಮೇಲೆ ನಿಮ್ಮ ಬೀದರಿನಿಂದ ಆಳಿದವರು. ಎರಡೂ ಕಡೆ ಅವರ ಟಂಕಸಾಲೆಗಳಿದ್ದವು. ಆಗ ನಾಣ್ಯವನ್ನು ಕೈಯಿಂದ ಟಂಕಿಸುತ್ತಿದ್ದರು: ಕೆಳಗೊಂದು ಅಚ್ಚು, ನಡುವೆ ತಾಮ್ರದ ತುಂಡು, ಮೇಲಿನ ಅಚ್ಚಿನ ತಲೆಗೆ ಸುತ್ತಿಗೆಯ ಏಟು. ಕಾಲರ್ ಇಲ್ಲವೇ ಇಲ್ಲ. ಅಚ್ಚು ಸಾಮಾನ್ಯವಾಗಿ ಬಿಲ್ಲೆಗಿಂತ ದೊಡ್ಡದು. ಹಾಗಾಗಿ ಬರಹದ ಒಂದು ಭಾಗ ಹೊರಗೇ ಉಳಿಯುವುದು ಆ ಕಾಲದ ಸಹಜ ರೀತಿ, ಅದನ್ನು ಎರರ್ ಎನ್ನಲಾಗದು. ಒಂದೇ ಬಗೆಯ ಹಲವು ನಾಣ್ಯಗಳನ್ನು ಪಕ್ಕಪಕ್ಕ ಇಟ್ಟು, ಒಂದರಲ್ಲಿ ಉಳಿದ ಅಕ್ಷರವನ್ನು ಇನ್ನೊಂದರಲ್ಲಿ ಓದಿ ಪೂರ್ತಿ ಬರಹ ಕಟ್ಟಿಕೊಳ್ಳುವುದು ಬಲು ಸಂತೋಷದ ಕೆಲಸ. ನಿಮ್ಮ ಓದಿಗೂ ಒದಗುತ್ತದೆ.

ಚಾರ್ಮಿನಾರ್ ರೂಪಾಯಿ ಮಾತ್ರ ಯಂತ್ರದ ನಾಣ್ಯ, ಅದಕ್ಕೆ ಯಂತ್ರದ ನಿಯಮಗಳೇ. ಹಾಲಿ ಸಿಕ್ಕಾ ಎಂದು ಕರೆಯುವ ನಿಜಾಮರ ಆ ಬೆಳ್ಳಿ ನಾಣ್ಯ ಸುಮಾರು 11.18 ಗ್ರಾಂ ತೂಗಬೇಕು. ಅದರ ಎರಕದ ನಕಲುಗಳಿವೆ. ಮೈಮೇಲೆ ಸೂಜಿಮೊನೆಯಷ್ಟು ಚಿಕ್ಕ ಗುಳಿಗಳು, ಅಂಚಿನ ಸುತ್ತ ಅಚ್ಚು ಕೂಡಿದ ಗೆರೆ, ಮಂದವಾದ ಅಕ್ಷರಗಳು ಕಂಡರೆ ಎರಕ ಹೊಯ್ದದ್ದು ಎಂದು ತಿಳಿಯಿರಿ.

ಸುರಪುರದ ಓದುಗ

ಅಳತೆಯ ಲೆಕ್ಕ ಒಪ್ಪಿಕೊಂಡೆ ಸರ್. ಇನ್ನೊಂದು ಅನುಮಾನ: ಅಮೆರಿಕದಲ್ಲಿರುವ ನಮ್ಮ ಅಣ್ಣ ತಂದ ಕ್ವಾರ್ಟರ್ ನಾಣ್ಯಗಳಲ್ಲಿ ಹಿಂಬದಿ ತಲೆಕೆಳಗಾಗಿದೆ. ಎಲ್ಲವೂ ಹಾಗೆಯೇ ಇವೆ.

ಅಚ್ಚು ಮತ್ತು ಬಿಲ್ಲೆ, ಕಲಬುರಗಿ

ಎಲ್ಲವೂ ಹಾಗಿದ್ದರೆ ಅದು ಆ ದೇಶದ ಪದ್ಧತಿ. ಅಮೆರಿಕದ ನಾಣ್ಯವನ್ನು ಮೇಲಿನಿಂದ ಕೆಳಕ್ಕೆ ಮಗುಚಿದರೆ ಹಿಂಬದಿ ನೆಟ್ಟಗೆ ಬರುತ್ತದೆ. ನಮ್ಮದನ್ನು ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ತಿರುಗಿಸಬೇಕು. ಸಿಂಹ ನೆಟ್ಟಗಿರುವಂತೆ ಹಿಡಿದು ಪಕ್ಕಕ್ಕೆ ತಿರುಗಿಸಿದಾಗ ನಮ್ಮ ನಾಣ್ಯದ ಹಿಂಬದಿ ಓರೆಯಾಗಿಯೋ ತಲೆಕೆಳಗಾಗಿಯೋ ಬಂದರೆ ಅದು ಅಚ್ಚು ತಿರುಗಿದ ನಿಜವಾದ ಎರರ್. ಇದನ್ನು ಹೊರಗೆ ಮಾಡಲು ಲೇತಿನ ಕೆಲಸವೇ ಬೇಕು, ಶಹಾಬಾದಿನ ಅಣ್ಣ ಹೇಳಿದ ಸೂಜಿ ಪರೀಕ್ಷೆ ಇಲ್ಲೂ ನಡೆಯುತ್ತದೆ.

ಬಸ್ ಕಂಡಕ್ಟರ್, ಯಾದಗಿರಿ

ಇವತ್ತು ಒಂದು ಹಳದಿ ಐದು ರೂಪಾಯಿ ಬಂತು ಸರ್. 5 ಅಂಕಿ ಇರುವ ಬದಿಯಲ್ಲಿ ಸಿಂಹದ ಚಿತ್ರ ಒಳಕ್ಕೆ ಇಳಿದು, ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಕಾಣುತ್ತಿದೆ. ಇದು ಟಂಕಸಾಲೆಯಲ್ಲಿ ಆಗಲು ಸಾಧ್ಯವೇ?

ಅಚ್ಚು ಮತ್ತು ಬಿಲ್ಲೆ, ಕಲಬುರಗಿ

ಸಾಧ್ಯ, ಅದನ್ನು ಬ್ರಾಕೇಜ್ ಎನ್ನುತ್ತಾರೆ. ಟಂಕಿಸಿದ ನಾಣ್ಯ ಅಚ್ಚಿಗೆ ಅಂಟಿಕೊಂಡು ಉಳಿದು, ಮುಂದಿನ ಬಿಲ್ಲೆ ಅದರ ಕೆಳಗೆ ಸಿಕ್ಕಾಗ ಆ ನಾಣ್ಯದ ಮುಖವೇ ಅಚ್ಚಾಗಿ ಒಳಕ್ಕೆ ಉಲ್ಟಾ ಮೂಡುತ್ತದೆ. ಆದರೆ ಅಲ್ಲಿ ಬಿಲ್ಲೆ ಖಾಲಿ ಇರುತ್ತದೆ. ಹಾಗಾಗಿ ಆ ಬದಿಯಲ್ಲಿ ಉಲ್ಟಾ ಸಿಂಹ ಬಿಟ್ಟರೆ ಬೇರೆ ಚಿತ್ರ ಇರಬಾರದು, ಇನ್ನೊಂದು ಬದಿಯಲ್ಲಿ ಸಿಂಹ ಎಂದಿನಂತೆ ಸ್ಪಷ್ಟವಾಗಿ ಉಬ್ಬಿರಬೇಕು. ನಿಮ್ಮದರಲ್ಲಿ 5 ಅಂಕಿಯ ಗೆರೆ ಎಲ್ಲಾದರೂ ಉಳಿದಿದೆಯೇ?

ಬಸ್ ಕಂಡಕ್ಟರ್, ಯಾದಗಿರಿ

ಉಳಿದಿದೆ. ಸಿಂಹದ ಅಡಿಯಲ್ಲಿ 5ರ ಹೊಟ್ಟೆ ಚಪ್ಪಟೆಯಾಗಿ ಕಾಣುತ್ತಿದೆ. ಹಿಂಬದಿಯ ಸಿಂಹವೂ ಜಜ್ಜಿಹೋಗಿ ನುಣುಪಾಗಿದೆ.

ಅಚ್ಚು ಮತ್ತು ಬಿಲ್ಲೆ, ಕಲಬುರಗಿ

ಹಾಗಾದರೆ ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ವೈಸಿನಲ್ಲಿ, ಅಂದರೆ ವಸ್ತುವನ್ನು ಕಚ್ಚಿ ಹಿಡಿಯುವ ಕಬ್ಬಿಣದ ದವಡೆಯಲ್ಲಿ, ಬಿಗಿದಿದ್ದಾರೆ. ಮೊದಲೇ ಟಂಕಿಸಿದ್ದ 5ರ ಮೇಲೆ ಇನ್ನೊಂದರ ಸಿಂಹ ಒತ್ತಿದೆ, ಹಿಂಬದಿ ವೈಸಿನ ಹಲ್ಲಿಗೆ ಸಿಕ್ಕು ಜಜ್ಜಿದೆ. ಎಚ್ಚರದಿಂದ ನೋಡಿ ತಿಳಿಸಿದ್ದಕ್ಕೆ ಧನ್ಯವಾದ. ಅಣ್ಣಾ, ಆ ಎರಡು ರೂಪಾಯಿಯನ್ನು ಸಣ್ಣ ಕಾಗದದ ಲಕೋಟೆಯಲ್ಲಿ ಬೇರೆ ಇಡಿ, ತೂಕವನ್ನೂ ಸಿಕ್ಕ ದಿನಾಂಕವನ್ನೂ ಮೇಲೆ ಬರೆಯಿರಿ. ಕಚ್ಚಿನ ಬದಿ ಮತ್ತು ಅದರ ಎದುರಿನ ಬದಿ ಎರಡರದ್ದೂ ಓರೆ ಬೆಳಕಿನಲ್ಲಿ ಫೋಟೊ ತೆಗೆದು ಹಾಕಿದರೆ ಇಲ್ಲಿರುವ ಹೊಸಬರಿಗೆಲ್ಲಾ ನೋಡಿ ಕಲಿಯಲು ಅನುಕೂಲವಾಗುತ್ತದೆ.